ಲೆಕ್ಕವೇ ಇಲ್ಲದ ಲೆಕ್ಕದ ಭಯ

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲದ ಸ್ನೇಹ ಸಮ್ಮೇಳನಕ್ಕೆ ಎಂಟನೇ ತರಗತಿಯ ಮಕ್ಕಳಿಗಾಗಿ ಅರ್ಧ ಗಂಟೆಯ ನಾಟಕ ಬರೆದಿದ್ದೇನೆ. ಗಣಿತದ ತಾಸು ಬಂತೆಂದರೆ ಹೊಟ್ಟೆನೋವು ಬರುವ ಹುಡುಗ, ಬೆತ್ತ ಹಿಡಿದ ಮಾಸ್ತರು, 'ನನಗೂ ಗಣಿತ ತಲಿಗೆ ಹತ್ತತಿದ್ದಿಲ್ಲ ಬಿಡೋ' ಎನ್ನುವ ತಾಯಿ, ಎಲ್ಲ ಇದೆ. ಓದಿ ತೋರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಗಣಿತ ಶಿಕ್ಷಕರು ಮಾತ್ರ, 'ಸಿನಿಮಾದಾಗೂ ಇದ, ಕಥಿಯೊಳಗೂ ಇದ, ಈಗ ನೀವೂ ಇದನ್ನ ಮಾಡ್ರಿ. ಆಮ್ಯಾಲೆ ಹುಡುಗ್ರು ಗಣಿತ ಬಿಟ್ರು ಅಂತ ನನ್ನ ಕೇಳಬ್ಯಾಡ್ರಿ' ಎಂದು ಮುಖ ಗಂಟು ಹಾಕಿಕೊಂಡರು. ಈ ವಸ್ತುವನ್ನೇ ಕೈಬಿಡಬೇಕೆ? ಇಟ್ಟುಕೊಳ್ಳುವುದಾದರೆ ಹೇಗೆ ಬರೆಯಬೇಕು?

ಉತ್ತರ: ಕೈಬಿಡಬೇಡಿ. ಗಣಿತಕ್ಕೆ ಹೆದರುವ ಮಕ್ಕಳು ನಿಮ್ಮ ಪ್ರೇಕ್ಷಕರಲ್ಲೇ ಕೂತಿರುತ್ತಾರೆ. ಅವರ ಭಯವನ್ನು ರಂಗದ ಮೇಲೆ ತರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಸಹೋದ್ಯೋಗಿಯ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ. ನಿಮ್ಮ ಮೂರು ಪಾತ್ರಗಳನ್ನೇ ಇನ್ನೊಮ್ಮೆ ನೋಡಿ. ಹುಡುಗನಿಗೆ ಹೊಟ್ಟೆನೋವು ಬಂದದ್ದು ಯಾವ ಲೆಕ್ಕಕ್ಕೆ? ಮಾಸ್ತರು ಬೆತ್ತ ಎತ್ತಿದಾಗ ಹಲಗೆಯ ಮೇಲೆ ಏನು ಬರೆದಿತ್ತು? ತಾಯಿಯ ತಲೆಗೆ ಹತ್ತದೇ ಹೋದದ್ದು ಭಿನ್ನರಾಶಿಯೋ, ಬೀಜಗಣಿತವೋ? ಜನಪ್ರಿಯ ಕಥೆ, ಸಿನಿಮಾ, ಧಾರಾವಾಹಿಗಳಲ್ಲಿ ಬರುವ ಗಣಿತದ್ವೇಷದ ಬಹಳಷ್ಟು ದೃಶ್ಯಗಳಲ್ಲಿ ಈ ಪ್ರಶ್ನೆಗಳಿಗೆ ಉತ್ತರವೇ ಸಿಗುವುದಿಲ್ಲ. ಬೆತ್ತ ಇದೆ, ಗಡಿಯಾರ ಇದೆ, ಕೆಂಪು ಶಾಯಿ ಇದೆ, ಹಿಂದಿನ ಬೆಂಚಿನ ನಗು ಇದೆ. ಲೆಕ್ಕ ಒಂದು ಇಲ್ಲ. ನೋಡಿದವರು ಮನೆಗೆ ಒಯ್ಯುವುದು ಗಣಿತ ಎಂಬ ಹೆಸರಿಗೆ ಅಂಟಿಕೊಂಡ ಹೆದರಿಕೆಯನ್ನು ಮಾತ್ರ. ನಾಟಕಕ್ಕೆ ಒಂದು ಲೆಕ್ಕ ತನ್ನಿ, ಆ ಲೆಕ್ಕಕ್ಕೊಂದು ತಪ್ಪು ತನ್ನಿ, ಆ ತಪ್ಪಿಗೊಂದು ಕಾರಣ ತನ್ನಿ. ನಾನು ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ.

ಇದನ್ನು ಚೆನ್ನಾಗಿ ಮಾಡಿದ ಹಳೆಯ ಉದಾಹರಣೆ ನಿಮಗೆ ಗೊತ್ತಿರುವುದೇ: ಆರ್.ಕೆ. ನಾರಾಯಣ್ ಅವರ 1935ರ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'. ಶಂಕರ್ ನಾಗ್ ದೂರದರ್ಶನಕ್ಕೆ ಮಾಡಿದ ಧಾರಾವಾಹಿಯಿಂದ ಸ್ವಾಮಿ ನಮ್ಮ ಓಣಿಯ ಹುಡುಗನೇ ಆಗಿಬಿಟ್ಟಿದ್ದಾನೆ. ಅಪ್ಪ ಅವನಿಗೊಂದು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು ಇವೆ, ಅವುಗಳಿಂದ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಸಾಕು. ಅವನು ಕೊಡಬೇಕಾದದ್ದೆಷ್ಟು? ಉತ್ತರ ಆರಾಣೆ. ಸ್ವಾಮಿಯ ತಲೆ ಮಾತ್ರ ಹಣ್ಣಿನ ಹಿಂದೆ ಹೋಗುತ್ತದೆ. ಹಣ್ಣು ಮಾಗಿದ್ದವೋ ಇಲ್ಲವೋ ಎಂದು ಅಪ್ಪನನ್ನೇ ಕೇಳುತ್ತಾನೆ. ನಾವು ನಗುತ್ತೇವೆ, ಆದರೆ ಸಂತೆಯಲ್ಲಿ ನಿಂತು ಯೋಚಿಸಿದರೆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಮಾಗಿದ ಹಣ್ಣಿಗೂ ದೋರಗಾಯಿಗೂ ಒಂದೇ ದರ ಯಾರು ಕೊಡುತ್ತಾರೆ? 'ಎಲ್ಲಾ ಹಣ್ಣಿಗೂ ಒಂದ ದರ ಅಂತ ಇಟ್ಕೋ' ಎಂಬ ಒಂದು ಮಾತು ಅಪ್ಪನ ಬಾಯಿಂದ ಬರಲಿಲ್ಲ. ದೃಶ್ಯದ ನಗು, ಸಂಕಟ ಎರಡೂ ಹುಟ್ಟಿದ್ದು ಆ ಒಂದು ಮಾತಿನ ಕೊರತೆಯಿಂದ. ನಾಟಕ ಬರೆಯುವವರು ಕಲಿಯಬೇಕಾದದ್ದು ಇಲ್ಲಿದೆ: ಲೆಕ್ಕ ಕೊಟ್ಟವರಿಗೆ ಗೊತ್ತಿದ್ದು ಬಿಡಿಸುವವನಿಗೆ ಯಾರೂ ಹೇಳದ ಷರತ್ತು ಯಾವುದು ಎಂದು ಹುಡುಕಿ. ಅಲ್ಲಿ ದೃಶ್ಯ ಸಿಗುತ್ತದೆ.

2007ರ 'ತಾರೇ ಜಮೀನ್ ಪರ್' ಸಿನಿಮಾದಲ್ಲೂ ಇಂಥದೇ ಒಂದು ಗಟ್ಟಿ ದೃಶ್ಯವಿದೆ. ಪರೀಕ್ಷೆಯಲ್ಲಿ 3×9 ಎಷ್ಟು ಎಂದು ಕೇಳಿದ್ದಾರೆ. ಹುಡುಗ ಮೂರನೇ ಗ್ರಹ ಭೂಮಿಯನ್ನು ಎಳೆದುಕೊಂಡು ಹೋಗಿ ಒಂಬತ್ತನೆಯ ಪ್ಲೂಟೋಗೆ ಢಿಕ್ಕಿ ಹೊಡೆಸುತ್ತಾನೆ. ಪ್ಲೂಟೋ ಪುಡಿಯಾಗುತ್ತದೆ, ಭೂಮಿ ಉಳಿಯುತ್ತದೆ. ಉತ್ತರ 3. (ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರ ಆಗಸ್ಟಿನಲ್ಲಿ, ಆ ಲೆಕ್ಕದಲ್ಲಿ ಹುಡುಗ ಒಂದು ವರ್ಷ ಹಿಂದಿದ್ದ.) ಉತ್ತರ ಪೂರ್ತಿ ತಪ್ಪು, ಆದರೂ ಹುಡುಗ ದಡ್ಡನಾಗಿ ಕಾಣುವುದಿಲ್ಲ. ಏಕೆಂದರೆ 3 ಎಲ್ಲಿಂದ ಬಂತು ಎಂದು ನಮಗೆ ಕಂಡಿದೆ.

ಈಗ ನಿಮ್ಮ ಸಹೋದ್ಯೋಗಿಯ ಮಾತಿಗೆ ಬರೋಣ. ಒಂದು ನಾಟಕ ನೋಡಿ ಯಾರೂ ಗಣಿತ ಬಿಡುವುದಿಲ್ಲ. ಆದರೆ ಒಂದೇ ಮಾತು ಎಲ್ಲ ಕಡೆಯಿಂದ ಕಿವಿಗೆ ಬಿದ್ದರೆ ಅದು ಲೋಕರೂಢಿಯಂತೆ ಕೇಳತೊಡಗುತ್ತದೆ. 1992ರಲ್ಲಿ ಅಮೆರಿಕದಲ್ಲಿ ಮಾತಾಡುವ ಬಾರ್ಬಿ ಗೊಂಬೆ ಬಂತು. 270 ಮಾತುಗಳ ಪಟ್ಟಿಯಲ್ಲಿ ಒಂದೊಂದು ಗೊಂಬೆಗೆ ನಾಲ್ಕು ಮಾತು. ಆ ಪಟ್ಟಿಯಲ್ಲಿ 'ಗಣಿತದ ಕ್ಲಾಸು ಕಷ್ಟ' ಎಂಬ ಮಾತೂ ಇತ್ತು. ಮಹಿಳಾ ಸಂಘಟನೆಯೊಂದು ಆಕ್ಷೇಪಿಸಿದ ಮೇಲೆ ತಯಾರಕರು ಅದನ್ನು ತೆಗೆದುಹಾಕಿದರು. ಇನ್ನೊಂದು ಕಡೆಯಿಂದ ನೋಡಿ: 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೂಸನ್ ಪಿಕರ್ ಮತ್ತು ಜಾನ್ ಬೆರಿ ಐದು ದೇಶಗಳ 12-13 ವರ್ಷದ ಮಕ್ಕಳಿಗೆ 'ಕೆಲಸದಲ್ಲಿರುವ ಗಣಿತಜ್ಞನ ಚಿತ್ರ ಬರೆಯಿರಿ' ಎಂದರು. ಕೆದರಿದ ಕೂದಲಿನ, ಐನ್‌ಸ್ಟೈನ್ ಮುಖದ ಗಂಡಸರು ಬಂದರು. ಮಕ್ಕಳನ್ನು ಹೆದರಿಸುವ, ಕೈಯಲ್ಲಿ ಆಯುಧ ಹಿಡಿದ ಮೇಷ್ಟರೂ ಬಂದರು. ನೀವೂ ಇದನ್ನು ಮಾಡಿ ನೋಡಬಹುದು. ತಾಲೀಮು ಶುರುವಾಗುವ ಮೊದಲು ಎಂಟನೇ ತರಗತಿಗೆ ಅರ್ಧ ಹಾಳೆ, ಹತ್ತು ನಿಮಿಷ ಕೊಡಿ, ಹೆಸರು ಬರೆಸಬೇಡಿ. ಎಷ್ಟು ಚಿತ್ರಗಳಲ್ಲಿ ಬೆತ್ತವಿದೆ, ಎಷ್ಟರಲ್ಲಿ ಹೆಣ್ಣುಮಕ್ಕಳಿದ್ದಾರೆ, ಎಷ್ಟರಲ್ಲಿ ಹಲಗೆಯ ಮೇಲಿನ ಬರಹಕ್ಕೆ ಅರ್ಥವಿದೆ ಎಂದು ಎಣಿಸಿ. ಪಾತ್ರ ತಿದ್ದುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಬೇಕಿಲ್ಲ.

ಲೆಕ್ಕ ಆರಿಸುವಾಗ ಒಂದು ನಿಯಮ ಇಟ್ಟುಕೊಳ್ಳಿ: ಅದು ಪ್ರೇಕ್ಷಕರ ತರಗತಿಗಿಂತ ಮೂರ್ನಾಲ್ಕು ತರಗತಿ ಕೆಳಗಿನದಾಗಿರಬೇಕು. ಕತ್ತಲಲ್ಲಿ ಕೂತು, ಪಕ್ಕದವರ ಗುಸುಗುಸು ಕೇಳುತ್ತಾ, ಕಾಗದವಿಲ್ಲದೆ ಬಿಡಿಸುವಂತಿರಬೇಕು. ಇಡೀ ನಾಟಕಕ್ಕೆ ಒಂದು ದೊಡ್ಡ ಲೆಕ್ಕ ಸಾಕು. ಎರಡನೆಯದು ಬಂತೆಂದರೆ ಸಭೆ ಕೈಬಿಟ್ಟುಹೋಗುತ್ತದೆ.

ಇನ್ನು ತಪ್ಪು. ಕಥೆಗಾರರು ಎಡವುವುದು ಹೆಚ್ಚಾಗಿ ಇಲ್ಲೇ. ನಗಿಸಬೇಕೆಂದು ಹುಡುಗನ ಬಾಯಲ್ಲಿ ಯದ್ವಾತದ್ವಾ ಉತ್ತರ ಹೇಳಿಸುತ್ತಾರೆ: ಐದೈದ್ಲಿ ಎಷ್ಟೋ ಅಂದರೆ 'ಐವತ್ತೈದು ಸರ್'. ನಿಜವಾದ ಮಕ್ಕಳು ಹಾಗೆ ತಪ್ಪುವುದು ಕಡಿಮೆ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕಗಳ ತಪ್ಪುಗಳನ್ನು ಜಾಲಾಡಿದಾಗ ಕಂಡದ್ದು ಇದು: ಎಷ್ಟೋ ತಪ್ಪುಗಳ ಹಿಂದೆ ಒಂದು ನಿಯಮವಿರುತ್ತದೆ. ನಿಯಮ ತಪ್ಪು, ಆದರೆ ಮಗು ಅದನ್ನು ಚಾಚೂ ತಪ್ಪದೆ ಪಾಲಿಸಿರುತ್ತದೆ. 302ರಲ್ಲಿ 178 ಕಳೆಯಲು ಹೇಳಿ. ಸರಿಯುತ್ತರ 124. ಆದರೆ 276 ಎಂದು ಬರೆಯುವ ಮಕ್ಕಳು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಈ ಒಂದು ತಪ್ಪನ್ನೇ ಹಿಡಿದು ದೃಶ್ಯ ಬರೆದರೆ ಹೀಗೆ ಬರಬಹುದು:

ಅಕ್ಕೋರು: 276 ಹೆಂಗ ಬಂತವಾ?

ಹುಡುಗಿ: ಎರಡರಾಗ ಎಂಟು ಹೋಗಂಗಿಲ್ರೀ. ಅದಕ್ಕ ಎಂಟರಾಗ ಎರಡು ತಗದೆ, ಆರು. ಸೊನ್ನ್ಯಾಗ ಏಳು ಹೋಗಂಗಿಲ್ಲ, ಏಳರಾಗ ಸೊನ್ನಿ ತಗದೆ, ಏಳು. ಮೂರರಾಗ ಒಂದು ಹೋದ್ರ ಎರಡು.

ಅಕ್ಕೋರು: ಮ್ಯಾಲಿಂದರಾಗ ಕೆಳಗಿಂದು ಕಳೀಬೇಕಲ್ಲ. ನೀ ತಿರುವಿ ಕಳದಿ, ಯಾಕ?

ಹುಡುಗಿ: ನೀವ ಹೇಳಿದ್ರಲ್ರೀ, ದೊಡ್ಡದರಾಗ ಸಣ್ಣದು ಕಳೀಬೇಕು ಅಂತ.

(ಅಕ್ಕೋರು ಮಾತಾಡುವುದಿಲ್ಲ. ಹಲಗೆಯ ಕಡೆ ನೋಡುತ್ತಾರೆ.)

ಅಕ್ಕೋರು: ಹೌದು, ಹೇಳೀನಿ. ಆತು, ಹಲಗಿ ಬಿಡು. ನಿಮ್ಮಪ್ಪನ ಅಂಗಡ್ಯಾಗ ಚಿಲ್ಲರ ಎಣಿಸಿದಂಗ ಎಣಿಸು. 178ರಿಂದ 302ಕ್ಕ ಹೋಗಾಕ ಎಷ್ಟ ಬೇಕು?

ಹುಡುಗಿ: ಎರಡು ಹಾಕಿದ್ರ ನೂರಾ ಎಂಬತ್ತು. ಇಪ್ಪತ್ತು ಹಾಕಿದ್ರ ಇನ್ನೂರು. ಮ್ಯಾಲೆ ನೂರಾ ಎರಡು. (ಬೆರಳು ಮಡಚುತ್ತಾಳೆ) ನೂರಾ ಇಪ್ಪತ್ನಾಕು. ಆದ್ರ ಹಲಗಿ ಮ್ಯಾಗ ಬ್ಯಾರೆ ಬಂದೈತಲ್ರೀ?

ಆ ಕೊನೆಯ ಪ್ರಶ್ನೆ ನಾಟಕದ ತಿರುವು. ಒಬ್ಬಳದೇ ತಲೆಯಿಂದ ಎರಡು ಉತ್ತರ ಬಂದಿವೆ, ಯಾವುದನ್ನು ನಂಬಬೇಕು? ಇಲ್ಲಿ ಅಕ್ಕೋರು ಉಪದೇಶ ಶುರು ಮಾಡಬಾರದು. ಹುಡುಗಿಯೇ 276ಕ್ಕೆ 178 ಕೂಡಿಸಿ ನೋಡಲಿ. 454 ಬರುತ್ತದೆ. ಕಳೆದ ಮೇಲೆ ಉಳಿದದ್ದಕ್ಕೆ ಕಳೆದದ್ದನ್ನು ಕೂಡಿಸಿದರೆ ಮೊದಲಿನದೇ ಬರಬೇಕಿತ್ತು. ಅದನ್ನು ಅವಳೇ ಕಂಡುಕೊಂಡರೆ ಸಭೆ ಅವಳ ಕಡೆ ವಾಲುತ್ತದೆ. ಮೊದಲ ತಪ್ಪಿಗೆ ಕಾರಣವಾದದ್ದು ಒಳ್ಳೆಯ ಮನಸ್ಸಿನಿಂದ ಹೇಳಿಕೊಟ್ಟ ಅರ್ಧ ನಿಯಮ ಎಂಬುದನ್ನೂ ಮರೆಯಬೇಡಿ. ಖಳನಾಯಕ ಬೇಕೇ ಬೇಕೆಂದಿದ್ದರೆ ಬೆತ್ತದ ಮಾಸ್ತರರಿಗಿಂತ ಈ ಅರ್ಧ ನಿಯಮ ಗಟ್ಟಿ.

ಬೇರೆ ತಪ್ಪು ಬೇಕಾದರೆ ಅವಕ್ಕೇನೂ ಬರವಿಲ್ಲ. ½ಕ್ಕೆ ⅓ ಕೂಡಿಸಿ ⅖ ಎಂದು ಬರೆಯುವ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿದೆ. ಅರ್ಧ ರೊಟ್ಟಿಯ ಮೇಲೆ ಇನ್ನಷ್ಟು ಹಾಕಿದರೂ ಅರ್ಧಕ್ಕಿಂತ ಕಡಿಮೆಯಾಯಿತು ಎಂದು ತೋರಿಸಿದರೆ ಸಾಕು, ಸಭೆ ತಾನಾಗಿ ನಗುತ್ತದೆ. 0.7ಕ್ಕಿಂತ 0.35 ದೊಡ್ಡದು ಎನ್ನುವ ಮಗು ಚುಕ್ಕಿ ಬಿಟ್ಟು 7 ಮತ್ತು 35 ಓದಿದೆ. ಎಂಟನೇ ತರಗತಿಯವರೇ ಮಾಡುವ ತಪ್ಪು ಬೇಕೆಂದರೆ 3 ಮತ್ತು 4 ಕೂಡಿಸಿ ವರ್ಗ ಮಾಡುವಲ್ಲಿ 9 ಮತ್ತು 16 ಸೇರಿಸಿ 25 ಎನ್ನುವುದು. 7ರ ವರ್ಗ 49, ಉಳಿದ 24 ಎಲ್ಲಿ ಹೋಯಿತು? 7 ಅಡಿ ಚೌಕದೊಳಗೆ ಎದುರುಬದುರು ಮೂಲೆಗಳಿಗೆ 3 ಅಡಿ, 4 ಅಡಿ ಚೌಕದ ಬಟ್ಟೆ ಹಾಸಿದರೆ ಬರಿದಾಗಿ ಉಳಿಯುವ ಎರಡು ಪಟ್ಟಿಗಳಲ್ಲಿ ಅದು ಕಾಣುತ್ತದೆ.

ಭಯ ತೋರಿಸುವಾಗಲೂ ಇಷ್ಟೇ ನಿಖರವಾಗಿರಿ. ಸಿನಿಮಾದಲ್ಲಿ ಹೆದರಿದ ಹುಡುಗನಿಗೆ ಎರಡೆರಡ್ಲಿ ನಾಲ್ಕು ಎಂಬುದೂ ಮರೆತುಹೋಗುತ್ತದೆ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಗಣಿತದ ಆತಂಕವಿದ್ದವರು ಸರಳ ಕೂಡಿಕೆಯಲ್ಲಿ ಅಷ್ಟೇನೂ ಸೋಲಲಿಲ್ಲ. ಅವರು ಕೈಕೊಟ್ಟದ್ದು ದಶಕ ಹಿಡಿದುಕೊಂಡು ಮುಂದೆ ಹೋಗಬೇಕಾದ ಲೆಕ್ಕಗಳಲ್ಲಿ. ಮನಸ್ಸಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ಸಣ್ಣದು. ಚಿಂತೆ ಅಲ್ಲಿ ಬಂದು ಕೂತರೆ ದಶಕಕ್ಕೆ ಜಾಗವಿಲ್ಲ. ಆದ್ದರಿಂದ ನಿಮ್ಮ ಹುಡುಗನಿಗೆ 47+38 ಕೊಡಿ. 'ಏಳು ಎಂಟು ಹದಿನೈದು, ಐದು ಬರದೆ, ಕೈಯಾಗ ಒಂದು…' ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕಿಸಕ್ಕನೆ ನಗಲಿ. ಅವನು 75 ಎಂದು ಬರೆಯಲಿ. ಮಗ್ಗಿ ಮರೆತಿಲ್ಲ, ದಡ್ಡನೂ ಅಲ್ಲ, ಕೈಯಲ್ಲಿದ್ದ ಒಂದು ಬಿದ್ದುಹೋಗಿದೆ. ಅದೇ ಹುಡುಗ ದೃಶ್ಯದ ಕೊನೆಗೆ ಎಲ್ಲರೂ ಎದ್ದುಹೋದ ಮೇಲೆ ಒಬ್ಬನೇ ಹಲಗೆಯ ಹತ್ತಿರ ಬಂದು 7 ಅಳಿಸಿ 8 ಮಾಡಿದರೆ ಒಂದು ಮಾತೂ ಬೇಕಾಗುವುದಿಲ್ಲ.

ಬೆತ್ತದ ಬಗ್ಗೆ ಒಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇಂದಿನ ಶಾಲೆಯ ಕಥೆಯಲ್ಲಿ ಬೆತ್ತ ಎತ್ತಿದ ಮಾಸ್ತರನ್ನು ನಗೆಪಾಟಲಾಗಿ ತೋರಿಸಿದರೆ ನೀವು ತೋರಿಸುತ್ತಿರುವುದು ಕಾನೂನು ಒಪ್ಪದ ಕೃತ್ಯವನ್ನು. ಅಜ್ಜನ ಕಾಲದ ಕಥೆಯಾದರೆ ಇರಲಿ. ಈಗಿನದಾದರೆ ಬೆತ್ತಕ್ಕಿಂತ ಹೆಚ್ಚು ಹೆದರಿಸುವ ವಸ್ತುಗಳು ತರಗತಿಯಲ್ಲೇ ಇವೆ: ಗೋಡೆ ಗಡಿಯಾರ, ಅಂಕಗಳನ್ನು ಗಟ್ಟಿಯಾಗಿ ಓದುವ ಪದ್ಧತಿ, 'ಯಾರ್ದು ಮೊದಲ ಆತು ಕೈ ಎತ್ತರಿ' ಎಂಬ ಕೂಗು.

ತಾಯಿಯ ಮಾತಿಗೆ ಹೆಚ್ಚು ಎಚ್ಚರ ಬೇಕು. ನಿಮ್ಮ ನಾಟಕದಲ್ಲಿ ನನಗೆ ಅಪಾಯವಾಗಿ ಕಂಡ ಮಾತು ಅದೊಂದೇ. ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಒಂದು, ಎರಡನೇ ತರಗತಿಗಳಲ್ಲಿ ಅಧ್ಯಯನ ಮಾಡಿದಾಗ, ಗಣಿತದ ಆತಂಕವಿದ್ದ ಶಿಕ್ಷಕಿಯರ ಕೈಕೆಳಗೆ ಕಲಿತ ಹುಡುಗಿಯರು ವರ್ಷದ ಕೊನೆಗೆ 'ಗಣಿತ ಹುಡುಗರಿಗೆ, ಓದು ಹುಡುಗಿಯರಿಗೆ' ಎಂಬ ನಂಬಿಕೆಯ ಕಡೆ ಹೆಚ್ಚು ವಾಲಿದ್ದರು. ಹಾಗೆ ನಂಬಿದವರ ಗಣಿತವೂ ಹಿಂದೆ ಬಿದ್ದಿತ್ತು. ಹುಡುಗರ ಮೇಲೆ ಆ ಪರಿಣಾಮ ಕಾಣಲಿಲ್ಲ. ಎರಿನ್ ಮಲೋನಿ ಮತ್ತು ಸಂಗಡಿಗರ 2015ರ ಅಧ್ಯಯನ ಮನೆಗೆ ಸಂಬಂಧಿಸಿದ್ದು. ಗಣಿತಕ್ಕೆ ಹೆದರುವ ತಂದೆತಾಯಿಗಳು ಮೇಲಿಂದ ಮೇಲೆ ಮನೆಪಾಠಕ್ಕೆ ಕೂತಾಗ ಮಕ್ಕಳ ಕಲಿಕೆ ಕುಂಠಿತವಾಗಿತ್ತು, ಆತಂಕ ಹೆಚ್ಚಿತ್ತು. ಅದೇ ತಂದೆತಾಯಿಗಳು ಅಷ್ಟಾಗಿ ಕೈಹಾಕದ ಮನೆಗಳಲ್ಲಿ ಹಾಗಾಗಿರಲಿಲ್ಲ. ಹಾಗಾಗಿ ತಾಯಿಯ ಬದಲು ಅಪ್ಪನನ್ನು ಮನೆಪಾಠಕ್ಕೆ ಕೂರಿಸಿ, ಹೆದರಿದವನು ಅವನೇ ಆಗಿರಲಿ. 'ಇಷ್ಟೂ ತಿಳಿಯೂದಿಲ್ಲೇನ ನಿನಗ?' ಎಂದು ಕೂಗುವ ಅಪ್ಪ ಪುಸ್ತಕದ ಹಿಂದಿನ ಉತ್ತರಗಳ ಪುಟವನ್ನು ಮೆಲ್ಲಗೆ ತಿರುವಿ ನೋಡುವುದು ಬೆತ್ತಕ್ಕಿಂತ ಹೆಚ್ಚು ನಗಿಸುತ್ತದೆ. ತಾಯಿ ಪಕ್ಕದಲ್ಲಿ ಸ್ವಸಹಾಯ ಸಂಘದ ವಹಿ ಬರೆಯುತ್ತಾ ಕೂತಿರಲಿ: ಹತ್ತು ಸಾವಿರಕ್ಕೆ ನೂರಕ್ಕೆ ಎರಡರಂತೆ ತಿಂಗಳಿಗೆ ಇನ್ನೂರು. ಆದರೆ ಅವಳನ್ನು ಎಬ್ಬಿಸಿ ಮಗನ ಬೀಜಗಣಿತ ಬಿಡಿಸುವಂತೆ ಮಾಡಬೇಡಿ. ಅದು ಬೇರೆ ಸುಳ್ಳು.

ಬಾಯಿಲೆಕ್ಕ ಬಲ್ಲವರಿಗೆ ಪುಸ್ತಕದ ಲೆಕ್ಕವೂ ತಾನಾಗಿ ಬರುತ್ತದೆ ಎಂಬುದು ಜನಪ್ರಿಯ ಕಥೆಗಳ ಮತ್ತೊಂದು ಸುಖಾಂತ. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ 1985ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನವಿದೆ. ಅಂಗಡಿಯಲ್ಲಿ ಕೇಳಿದಾಗ ಶೇ. 98ರಷ್ಟು ಉತ್ತರ ಸರಿ, ಅದೇ ಬಗೆಯ ಲೆಕ್ಕವನ್ನು ಬರಿ ಅಂಕಿಗಳಲ್ಲಿ ಕೊಟ್ಟಾಗ ಶೇ. 37ರಷ್ಟು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದಿಲ್ಲಿಗಳ ಮಾರುಕಟ್ಟೆಯ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟಿಸಿದ್ದೂ ಇದನ್ನೇ ಹೇಳುತ್ತದೆ, ಜೊತೆಗೆ ತಿರುವುಮುರುವನ್ನೂ: ಶಾಲೆಗಷ್ಟೇ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಎರಡರ ನಡುವೆ ಹಾದಿ ತಾನಾಗಿ ಬೀಳುವುದಿಲ್ಲ. ಇಂಡಿ ಕಡೆಯ ಲಿಂಬೆ ತುಂಬಿದ ಬುಟ್ಟಿ ಇಟ್ಟುಕೊಂಡು ವಿಜಯಪುರದ ಬಜಾರಿನಲ್ಲಿ ಕೂತ ಹುಡುಗಿಯನ್ನು ಊಹಿಸಿಕೊಳ್ಳಿ.

'ಹೆಂಗ್ ಕೊಟ್ಟಿ ತಂಗಿ?'

'ಹತ್ತಕ್ಕ ಮೂರ್ರಿ ಕಾಕಾ.'

'ಇಪ್ಪತ್ತ ಬೇಕಾಗಿತ್ತು.'

'ಹದಿನೆಂಟಕ್ಕ ಅರವತ್ತು. ಎಪ್ಪತ್ತ ಕೊಡ್ರಿ, ಇಪ್ಪತ್ತೊಂದ ಹಾಕ್ತೀನಿ.'

ಮರುದಿನ ಹಲಗೆಯ ಮೇಲೆ ಅದೇ ಲೆಕ್ಕ: 3 ಲಿಂಬೆಗೆ ₹10, 20 ಲಿಂಬೆಗೆ ಎಷ್ಟು? ಪುಸ್ತಕದ ಉತ್ತರ ₹66.67. ಹುಡುಗಿ ಎಪ್ಪತ್ತು ಎನ್ನುತ್ತಾಳೆ, ತಪ್ಪು ಗುರುತು ಬೀಳುತ್ತದೆ. 'ಅರವತ್ತೇಳು ಪೈಸಾ ಯಾರ ಕೊಡ್ತಾರ್ರೀ?' ಎಂದು ಅವಳು ಕೇಳಿದರೆ ಸ್ವಾಮಿಯ ಮಾವಿನಹಣ್ಣೇ ಮತ್ತೆ ಎದುರು ಬಂದಂತೆ. ಇಲ್ಲಿ ಇಬ್ಬರೂ ಸರಿ, ಷರತ್ತು ಬೇರೆ: ಪುಸ್ತಕ ದರ ಕೇಳಿತು, ಹುಡುಗಿ ವ್ಯವಹಾರ ಮುಗಿಸಿದಳು. ಈ ಜಗಳವನ್ನು ಹತ್ತು ನಿಮಿಷ ಎಳೆದರೂ ಸಭೆ ಬೇಸರಪಡುವುದಿಲ್ಲ.

ದ್ವೇಷದ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಮೇಧಾವಿಯ ಕಥೆ. ಗಣಿತ ಬರುವವರು ಹುಟ್ಟಿನಿಂದಲೇ ಬೇರೆ ಎಂದು ಅದು ಹೇಳುತ್ತದೆ. ಹೆದರಿದವನಿಗೆ ಅದೇ ಇನ್ನೊಂದು ನೆಪ. 1997ರ 'ಗುಡ್ ವಿಲ್ ಹಂಟಿಂಗ್' ಸಿನಿಮಾದಲ್ಲಿ ಕಸ ಗುಡಿಸುವ ಯುವಕ ವಿಶ್ವವಿದ್ಯಾಲಯದ ಹಲಗೆಯ ಮೇಲಿನ ಮಹಾ ಸಮಸ್ಯೆಯನ್ನು ಬಿಡಿಸುತ್ತಾನೆ. ಪ್ರಾಧ್ಯಾಪಕರಿಗೇ ಎರಡು ವರ್ಷಕ್ಕೂ ಮೇಲೆ ಹಿಡಿದದ್ದಂತೆ. ಆ ಸಮಸ್ಯೆಯನ್ನು ನಿಮ್ಮ ಎಂಟನೇ ತರಗತಿಗೇ ಕೊಡಬಹುದು. ಹತ್ತು ಚುಕ್ಕಿ ಇಡಿ. ಗೆರೆ ಎಳೆದು ಎಲ್ಲವನ್ನೂ ಸೇರಿಸಿ. ಎಲ್ಲೂ ಸುತ್ತು ಮುಚ್ಚಬಾರದು, ಯಾವ ಚುಕ್ಕಿಗೂ ಸರಿಯಾಗಿ ಎರಡೇ ಗೆರೆ ತಾಗಬಾರದು. ಒಂದಿರಲಿ, ಇಲ್ಲವೇ ಮೂರು ಅಥವಾ ಹೆಚ್ಚಿರಲಿ. ಎಷ್ಟು ಬೇರೆ ಬೇರೆ ಆಕಾರ ಬರುತ್ತವೆ? ನಾಲ್ಕು ಚುಕ್ಕಿಯಿಂದ ಶುರು ಮಾಡಿಸಿ: ನಾಲ್ಕಕ್ಕೆ ಒಂದು, ಐದಕ್ಕೂ ಒಂದು, ಆರಕ್ಕೆ ಎರಡು, ಏಳಕ್ಕೆ ಎರಡು, ಎಂಟಕ್ಕೆ ನಾಲ್ಕು, ಒಂಬತ್ತಕ್ಕೆ ಐದು, ಹತ್ತಕ್ಕೆ ಹತ್ತು. ಮಕ್ಕಳು ಎಡವುವುದು ಒಂದೇ ಆಕಾರವನ್ನು ತಿರುಗಿಸಿ ಬರೆದು ಎರಡೆಂದು ಎಣಿಸುವುದರಲ್ಲಿ. ಕಡ್ಡಿ, ಜೇಡಿಮಣ್ಣಿನ ಉಂಡೆಯಿಂದ ಮಾಡಿಸಿದರೆ ತಿರುಗಿಸಿ ಹೋಲಿಸಬಹುದು. ಮೇಧಾವಿ ಬೇಕಿಲ್ಲ, ತಾಳ್ಮೆ ಬೇಕು.

ನಮ್ಮ ಭಾಗದ ವಸ್ತುವೇ ಬೇಕೆಂದರೆ ದೂರ ಹೋಗಬೇಕಿಲ್ಲ. ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತ ಬರೆದ 12ನೇ ಶತಮಾನದ ರಾಜಾದಿತ್ಯನ ಊರು ಪೂವಿನಬಾಗೆ. ಅದನ್ನು ಬೆಳಗಾವಿ ಜಿಲ್ಲೆಯ ರಾಯಬಾಗವೆಂದು ಗುರುತಿಸುತ್ತಾರೆ. ಭಾಸ್ಕರಾಚಾರ್ಯ ತನ್ನ ಊರನ್ನು ವಿಜ್ಜಡವಿಡ ಎಂದು ಕರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಎಂಬ ಪಕ್ಷವೂ ಇದೆ, ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ ಪಾಟಣ ಎಂಬ ಪಕ್ಷವೂ ಇದೆ. 1150ರ ಅವನ 'ಲೀಲಾವತಿ'ಯ ಬಗ್ಗೆ ಜನ ಹೇಳುವ ಕಥೆ ಮಾತ್ರ ಮಗಳ ಮದುವೆಯದು: ನೀರಿನಲ್ಲಿ ಮುಳುಗಿ ಹೊತ್ತು ತೋರಿಸುವ ಗಳಿಗೆಬಟ್ಟಲಿಗೆ ಮುತ್ತು ಬಿದ್ದು ಮುಹೂರ್ತ ತಪ್ಪಿತು ಎಂಬುದು. ಅದು 1587ರಲ್ಲಿ ಅಕ್ಬರನ ಆಸ್ಥಾನಕವಿ ಫೈಜಿ ಮಾಡಿದ ಪರ್ಷಿಯನ್ ಅನುವಾದದಿಂದ ಹಬ್ಬಿದ್ದು. ಅಲ್ಲೂ ಗೋಳು ಉಳಿಯಿತು, ಲೆಕ್ಕ ಬಿಟ್ಟುಹೋಯಿತು. ಪುಸ್ತಕದೊಳಗಿನ ನವಿಲು-ಹಾವಿನ ಲೆಕ್ಕ ನಾಟಕಕ್ಕೆ ಹೇಳಿ ಮಾಡಿಸಿದಂತಿದೆ. ಒಂಬತ್ತು ಮೊಳದ ಕಂಬದ ಬುಡದಲ್ಲಿ ಹುತ್ತ, ತುದಿಯಲ್ಲಿ ನವಿಲು. ಇಪ್ಪತ್ತೇಳು ಮೊಳ ದೂರದಿಂದ ಹಾವು ಹುತ್ತದ ಕಡೆ ಬರುತ್ತಿದೆ. ನವಿಲು ಓರೆಯಾಗಿ ಎರಗುತ್ತದೆ. ಇಬ್ಬರೂ ಸಮ ದೂರ ಸಾಗಿದರೆ ಹುತ್ತದಿಂದ ಎಷ್ಟು ಮೊಳದಲ್ಲಿ ಸಿಗುತ್ತಾರೆ? ಕಂಬದ ವರ್ಗ 81, ಅದನ್ನು 27ರಿಂದ ಭಾಗಿಸಿದರೆ 3, 27ರಲ್ಲಿ 3 ಕಳೆದರೆ 24, ಅದರ ಅರ್ಧ 12. ತಾಳೆ ನೋಡಿ: ಹಾವು ಬಂದದ್ದು 15 ಮೊಳ, 9 ಮತ್ತು 12 ಬದಿಗಳ ಲಂಬಕೋನ ತ್ರಿಕೋನದ ಕರ್ಣವೂ 15.

ರಂಗದ ಮೇಲೆ ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಮೊಳದ ಬದಲು ಅಡಿ ಇಟ್ಟುಕೊಳ್ಳಿ. 3 ಅಡಿ ಎತ್ತರದ ಕಟ್ಟಿಗೆ ಕಂಬ, ಅದರ ಬುಡದಿಂದ ನೆಲದ ಮೇಲೆ 9 ಅಡಿಯ ಸುಣ್ಣದ ಗೆರೆ, ಸರಿಯಾಗಿ 5 ಅಡಿ ಉದ್ದದ ಎರಡು ಬಣ್ಣದ ಹಗ್ಗ. ಒಂದು ಹಗ್ಗವನ್ನು ಕಂಬದ ತುದಿಗೆ ಕಟ್ಟಿ, ಇನ್ನೊಂದನ್ನು ಗೆರೆಯ ಆ ತುದಿಗೆ ಮೊಳೆ ಹೊಡೆದು ಕಟ್ಟಿ. ಎರಡೂ ಹಗ್ಗಗಳನ್ನು ಬಿಗಿಯಾಗಿ ಎಳೆದರೆ ತುದಿಗಳು ಕೂಡುವುದು ಬುಡದಿಂದ 4 ಅಡಿಯಲ್ಲಿ. ಮೊದಲು ಮಕ್ಕಳು ಊಹೆ ಮಾಡಲಿ. ಬಹಳ ಮಂದಿ ನಟ್ಟನಡುವೆ, ನಾಲ್ಕೂವರೆ ಅಡಿಗೆ ಕೈ ತೋರಿಸುತ್ತಾರೆ. ಅಲ್ಲಿ ಹಿಡಿದರೆ ನೆಲದ ಹಗ್ಗ ಅರ್ಧ ಅಡಿ ಸಡಿಲ, ಕಂಬದ ಹಗ್ಗ ನಾಲ್ಕೈದು ಇಂಚು ಸಾಲದು. ಊಹೆ ಎಷ್ಟು, ಯಾವ ಕಡೆಗೆ ತಪ್ಪಿತು ಎಂಬುದು ಹಿಂದಿನ ಸಾಲಿಗೂ ಕಾಣುತ್ತದೆ. ಗಂಟು ಹಾಕಿದ ಮೇಲೆ ಹಗ್ಗ ಅಳೆಯಿರಿ, ಮೊದಲು ಅಳೆದರೆ ಗಂಟಿಗೇ ಮೂರು ಇಂಚು ಹೋಗಿರುತ್ತದೆ. ನೂಲಿನ ಹಗ್ಗ ಹಿಗ್ಗುವುದರಿಂದ ಸುತಳಿಯೇ ವಾಸಿ.

ಇಳಕಲ್ಲಿನ ಸೀರೆಯ ಮೇಲಿನ ಕಸೂತಿಯೂ ಒಂದು ದೃಶ್ಯಕ್ಕೆ ಒದಗುತ್ತದೆ, ಆದರೆ 'ನೋಡಿದ್ರೇನ, ಇದೂ ಗಣಿತಾನ' ಎಂಬ ಮಾತು ದಯವಿಟ್ಟು ಬೇಡ. ಗವಂತಿ ಹೊಲಿಗೆಯಲ್ಲಿ ಗಂಟಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಪ್ರತಿ ಗೆರೆಯ ಮೇಲೂ ಸೂಜಿ ಎರಡು ಸಲ ಹಾಯುವುದರಿಂದ ಶುರು ಮಾಡಿದಲ್ಲಿಗೇ ಬಂದು ಮುಟ್ಟುತ್ತದೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಅಲ್ಲೇ ಗೊತ್ತಾಗುವುದಿಲ್ಲ, ಗೋಪುರದ ಕೊನೆಯ ಮೂಲೆ ಕೂಡದೇ ಹೋದಾಗ ಗೊತ್ತಾಗುತ್ತದೆ. ಅವ್ವ ಬಿಚ್ಚುತ್ತಾಳೆ, ತಪ್ಪಿದ ಜಾಗದವರೆಗೆ ಮಾತ್ರ. ಮಗಳ ನೋಟ್‌ಬುಕ್ಕಿನಲ್ಲಿ ಇಡೀ ಲೆಕ್ಕದ ಮೇಲೆ ಕೆಂಪು ಗೆರೆ ಎಳೆದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಿರಿ.

ಇನ್ನು ರಂಗದ ಕೆಲಸ. ಹಲಗೆಯ ಮೇಲಿನ ಅಂಕಿ ಕೊನೆಯ ಸಾಲಿಗೆ ಕಾಣದಿದ್ದರೆ ಇಷ್ಟೆಲ್ಲ ವ್ಯರ್ಥ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ ಎಂಬ ಅಂದಾಜು ಇಟ್ಟುಕೊಳ್ಳಿ. ಕೊನೆಯ ಸಾಲು 50 ಅಡಿ ದೂರವಿದ್ದರೆ 5 ಇಂಚು ಬೇಕು, ಬಯಲಿನ ಪೆಂಡಾಲಾದರೆ 6 ಇರಲಿ. ಸೀಮೆಸುಣ್ಣದ ಗೆರೆ ದೀಪದ ಬೆಳಕಿನಲ್ಲಿ ಮಾಸುತ್ತದೆ, ಬಿಳಿ ರಟ್ಟಿನಲ್ಲಿ ಕತ್ತರಿಸಿದ ಅಂಕಿಗಳನ್ನು ಅಂಟಿಸುವುದು ಮೇಲು. ತಪ್ಪು ಉತ್ತರ ಬಂದ ಮೇಲೆ ಹತ್ತು ಸೆಕೆಂಡಾದರೂ ಯಾರೂ ಮಾತಾಡಬಾರದು. ಸಭೆಯಲ್ಲಿ ಯಾರಾದರೂ 'ಏ, ತಪ್ಪೈತಿ!' ಎಂದು ಕೂಗಲು ಅಷ್ಟು ಹೊತ್ತು ಬೇಕು.

ಕೊನೆಯದಾಗಿ, ಆಟದ ರಾತ್ರಿ ಖಂಡಿತ ಕೈಕೊಡುವ ಒಂದು ಜಾಗವಿದೆ. 302ರಲ್ಲಿ 178 ಕಳೆಯುವ ಪಾತ್ರ ಮಾಡುವ ಹುಡುಗಿಗೆ ಎಂಟನೇ ತರಗತಿಯ ಗಣಿತ ಬರುತ್ತದೆ. ದೀಪ ಬಿದ್ದ ಕೂಡಲೇ ಅಭ್ಯಾಸಬಲದಿಂದ 124 ಎಂದು ಸರಿಯಾಗಿ ಬರೆದು ನಿಂತುಬಿಡುತ್ತಾಳೆ, ಅಕ್ಕೋರಿಗೆ ಮುಂದೆ ಮಾತಿರುವುದಿಲ್ಲ. 2, 7, 6 ಅಂಕಿಗಳನ್ನಷ್ಟೇ ಅವಳ ಕೈಗೆ ಕೊಟ್ಟು, 1, 2, 4ನ್ನು ಪರದೆಯ ಹಿಂದೆ ನಿಮ್ಮ ಗಣಿತ ಶಿಕ್ಷಕರ ಹತ್ತಿರ ಇಡಿ.